ಅಡಿಕೆ ಅಂಗಳದ ನಾಯಿಗೆ ಹೊಸ ಕೋಳಿಗಳನ್ನು ಪರಿಚಯಿಸುವ ಕ್ರಮ

ಕಾಸರಗೋಡಿನ ಕಡೆ ಅಡಿಕೆ ತೋಟವಿರುವ ಮನೆಗಳಲ್ಲಿ ನಾಯಿಗೆ ನವೆಂಬರಿನಿಂದ ಮೇ ತಿಂಗಳವರೆಗೆ ಒಂದು ಉದ್ಯೋಗವಿರುತ್ತದೆ. ಅಂಗಳದಲ್ಲಿ ಹರಡಿದ ಅಡಿಕೆಯನ್ನು ನೆರೆಮನೆಯ ಕೋಳಿ ಬಂದು ಕೆದಕಿದರೆ, ನವಿಲು ಇಳಿದರೆ, ಮಂಗ ಹಾರಿದರೆ, ಜಗಲಿಯಲ್ಲಿ ಕುಳಿತವರು ‘ಛೂ’ ಎನ್ನುತ್ತಾರೆ, ನಾಯಿ ಓಡುತ್ತದೆ, ಬಂದದ್ದು ಹಾರಿಹೋಗುತ್ತದೆ, ನಾಯಿಗೆ ಮೈದಡವಿ ಶಹಭಾಸ್ ಹೇಳುತ್ತಾರೆ. ಹೀಗೆ ನಾಲ್ಕು ವರ್ಷ ದುಡಿದ ನಾಯಿಯ ಎದುರಿಗೆ ಒಂದು ದಿನ ಪಂಚಾಯತ್ ಯೋಜನೆಯಲ್ಲಿ ದೊರೆತ ಹತ್ತು ಮೊಟ್ಟೆಕೋಳಿಗಳನ್ನು ಬುಟ್ಟಿಯಿಂದ ಸುರಿದು, ಇವು ನಮ್ಮವು, ಮುಟ್ಟಬಾರದು ಎಂದರೆ ಅದಕ್ಕೆ ತಿಳಿಯುವುದಾದರೂ ಹೇಗೆ? ನಾಯಿ ಕೋಳಿಯನ್ನು ಹಿಡಿದಾಗ ನಾವು ಅದನ್ನು ಕಳ್ಳನೆಂದು ಬೈಯುತ್ತೇವೆ. ನನ್ನ ಅನುಭವದಲ್ಲಿ ಹೆಚ್ಚಿನ ಸಂದರ್ಭಗಳಲ್ಲಿ ಅದು ನಾವೇ ಕಲಿಸಿದ ಕೆಲಸವನ್ನು ನಿಷ್ಠೆಯಿಂದ ಮಾಡಿರುತ್ತದೆ. ಆದ್ದರಿಂದ ಮುಂದೆ ವಿವರಿಸುವ ಕ್ರಮದಲ್ಲಿ ಅರ್ಧ ಭಾಗ ಕಲಿಸುವುದಕ್ಕೆ ಸಂಬಂಧಿಸಿದ್ದು, ಉಳಿದರ್ಧ ಕಲಿತದ್ದನ್ನು ಮರೆಸುವುದಕ್ಕೆ ಸಂಬಂಧಿಸಿದ್ದು. ಇದಕ್ಕೆ ಕಡಿಮೆಯೆಂದರೂ ಎರಡು ತಿಂಗಳು ಬೇಕು.

ಮೊದಲು ನಾಯಿಯನ್ನು ಅಳೆಯಬೇಕು

ಬೇಟೆ ಎಂಬುದು ನಾಯಿಯಲ್ಲಿ ಒಂದೇ ಕ್ರಿಯೆಯಲ್ಲ. ಗಮನಿಸುವುದು, ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಬಾಯಿಯಲ್ಲಿ ಹಿಡಿಯುವುದು, ಕೊಲ್ಲುವುದು, ತಿನ್ನುವುದು ಎಂಬ ಮೆಟ್ಟಿಲುಗಳ ಸರಪಳಿ ಅದು. ತಳಿಗಳನ್ನು ರೂಪಿಸಿದ ಮನುಷ್ಯರು ತಮಗೆ ಬೇಕಾದ ಮೆಟ್ಟಿಲನ್ನು ಬಲಪಡಿಸಿ ಬೇಡವಾದುದನ್ನು ಕುಗ್ಗಿಸಿದ್ದಾರೆ. ಕುರಿಕಾಯುವ ತಳಿಗಳಲ್ಲಿ ದಿಟ್ಟಿಸುವುದು ಮತ್ತು ಅಟ್ಟುವುದು ಹೆಚ್ಚು. ಲ್ಯಾಬ್ರಡಾರ್ ಬಾಯಿಯಲ್ಲಿ ಎತ್ತಿ ತರುವುದಕ್ಕೆ ಹೆಸರಾದದ್ದು. ನೆಲದೊಳಗಿನ ಪ್ರಾಣಿಗಳನ್ನು ಹಿಡಿಯಲೆಂದು ಬೆಳೆಸಿದ ಡ್ಯಾಶ್‌ಹಂಡ್ ಮತ್ತು ಟೆರಿಯರ್‌ಗಳು ಗಿಡ್ಡವಾಗಿದ್ದರೂ ಕೊನೆಯ ಮೆಟ್ಟಿಲುಗಳವರೆಗೆ ಹೋಗಬಲ್ಲವು. ಮುಧೋಳ ನಾಯಿಯ ಕಣ್ಣಿಗೆ ಓಡುವುದೇನಾದರೂ ಬಿದ್ದರೆ ಕಿವಿ ಮುಚ್ಚಿಹೋಗುತ್ತದೆ. ನಮ್ಮ ಊರ ನಾಯಿಗಳಲ್ಲಿ ಇವೆಲ್ಲವೂ ಬೆರೆತಿರುವುದರಿಂದ ತಳಿಯ ಹೆಸರಿಗಿಂತ ಎದುರಿಗಿರುವ ನಾಯಿಯ ನಡವಳಿಕೆಯೇ ಮುಖ್ಯ.

ಪರೀಕ್ಷೆ ಸರಳವಾಗಿದೆ. ಕೋಳಿ ಸಾಕಿರುವ ಬಂಧುಗಳ ಮನೆಗೆ ನಾಯಿಯನ್ನು ಹಗ್ಗದಲ್ಲಿ ಕರೆದೊಯ್ದು, ಕೋಳಿಗಳಿಂದ ಐವತ್ತು ಅಡಿ ದೂರದಲ್ಲಿ ನಿಲ್ಲಿಸಿ ನೋಡಿರಿ. ಬಾಯಿ ಅರ್ಧ ತೆರೆದು, ಬಾಲ ಸಡಿಲವಾಗಿ, ಒಮ್ಮೆ ಕೋಳಿಯನ್ನು ನೋಡಿ ಮತ್ತೆ ನೆಲ ಮೂಸತೊಡಗಿದರೆ ನಿಮ್ಮ ಕೆಲಸ ಸುಲಭ. ಬಾಯಿ ಫಕ್ಕನೆ ಮುಚ್ಚಿ, ಮೈ ಕಟ್ಟಿಗೆಯಂತೆ ಬಿಗಿದು, ಮುಂಗಾಲು ಒಂದನ್ನು ಎತ್ತಿ, ಹೆಸರು ಕರೆದರೂ ಕಿವಿ ಅಲುಗಿಸದೆ ಕಣ್ಣು ನೆಟ್ಟರೆ ದೀರ್ಘಕಾಲದ ಕೆಲಸಕ್ಕೆ ಸಿದ್ಧರಾಗಬೇಕು. ಬೊಗಳಿ ಕುಣಿಯುವ ನಾಯಿಗಿಂತ ಹೀಗೆ ಮೌನವಾಗಿ ನಡುಗುತ್ತ ನಿಲ್ಲುವ ನಾಯಿಯ ಬಗ್ಗೆ ನನಗೆ ಹೆಚ್ಚು ಭಯ. ಈ ಮೊದಲೇ ಕೋಳಿಯನ್ನು ಕೊಂದು ತಿಂದ ನಾಯಿಯಾದರೆ ಅದನ್ನು ಕೋಳಿಗಳ ನಡುವೆ ಬಿಡುವ ಆಸೆಯನ್ನೇ ಕೈಬಿಟ್ಟು, ಮುಂದೆ ಹೇಳುವ ಸರದಿ ವ್ಯವಸ್ಥೆಯನ್ನು ಅನುಸರಿಸುವುದು ಒಳ್ಳೆಯದು.

ವಯಸ್ಸನ್ನೂ ಗಮನಿಸಬೇಕು. ಎರಡು ಮೂರು ತಿಂಗಳ ನಾಯಿಮರಿ ಕೋಳಿಗಳ ನಡುವೆಯೇ ಬೆಳೆದರೆ ಅವನ್ನು ಮನೆಯ ಭಾಗವೆಂದು ಒಪ್ಪಿಕೊಳ್ಳುತ್ತದೆ. ಆದರೆ ಆರು ತಿಂಗಳಿನಿಂದ ಒಂದೂವರೆ ವರ್ಷದವರೆಗಿನ ಹುಡುಗಾಟದ ಕಾಲದಲ್ಲಿ ಅದೇ ಮರಿ ಆಟಕ್ಕೆಂದು ಅಟ್ಟಿ ಕೋಳಿಯನ್ನು ಸಾಯಿಸುವುದುಂಟು. ಆಟದಲ್ಲಿ ಸತ್ತ ಕೋಳಿಯೂ ಸತ್ತದ್ದೇ.

‘ಛೂ’ ಎಂಬ ಪದವನ್ನು ಮನೆಯಿಂದ ಹೊರಗಿಡುವುದು

ಕೋಳಿಗಳು ಬರುವ ಮೂರು ವಾರ ಮೊದಲೇ ಈ ಕೆಲಸ ಆರಂಭವಾಗಬೇಕು. ಯಾರೂ, ಯಾವ ಕಾರಣಕ್ಕೂ ನಾಯಿಗೆ ‘ಛೂ’ ಹೇಳಬಾರದು. ಕಾಗೆಗೂ ಇಲ್ಲ, ಬೆಕ್ಕಿಗೂ ಇಲ್ಲ. ಮಕ್ಕಳು ಒಂದೇ ದಿನದಲ್ಲಿ ಕಲಿಯುತ್ತಾರೆ, ಕಷ್ಟವಿರುವುದು ಹಿರಿಯರಲ್ಲಿ. ನಮ್ಮ ಮನೆಯಲ್ಲಿ ಅಜ್ಜನಿಗೆ ಇದನ್ನು ಒಪ್ಪಿಸುವುದಕ್ಕೆ ನಾಯಿಗೆ ಕಲಿಸಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು. ತೋಟದ ಕೆಲಸಕ್ಕೆ ಬರುವವರಿಗೂ ತಿಳಿಸಿ ಹೇಳಬೇಕು, ಏಕೆಂದರೆ ಹತ್ತು ಗಂಟೆಯ ಚಹಾದ ಹೊತ್ತಿನಲ್ಲಿ ಅವರೊಬ್ಬರು ಕುಶಾಲಿಗೆ ಹೇಳಿದ ಒಂದು ‘ಛೂ’ ನಿಮ್ಮ ಒಂದು ವಾರದ ಶ್ರಮವನ್ನು ಹಾಳುಮಾಡುತ್ತದೆ.

ಅದರ ಜಾಗಕ್ಕೆ ಎರಡು ಪದಗಳನ್ನು ಕಲಿಸಬೇಕು: ‘ಬಿಡು’ ಮತ್ತು ‘ಬಾ’. ‘ಬಿಡು’ ಕಲಿಸುವುದಕ್ಕೆ ದೋಸೆಯ ಚೂರೊಂದನ್ನು ಮುಷ್ಟಿಯಲ್ಲಿ ಮುಚ್ಚಿ ನಾಯಿಯ ಮೂಗಿನ ಮುಂದೆ ಹಿಡಿಯಿರಿ. ಅದು ಮೂಸುತ್ತದೆ, ನೆಕ್ಕುತ್ತದೆ, ಉಗುರಿನಿಂದ ಕೆರೆಯುತ್ತದೆ, ಕೈ ತೆರೆಯಬಾರದು. ಬೇಸತ್ತು ಮುಖ ಹಿಂದಕ್ಕೆ ತೆಗೆದ ಕ್ಷಣದಲ್ಲಿ ‘ಬಿಡು’ ಎಂದು ಹೇಳಿ, ಇನ್ನೊಂದು ಕೈಯಲ್ಲಿರುವ ಅದಕ್ಕಿಂತ ಒಳ್ಳೆಯ ತಿನಿಸನ್ನು ಕೊಡಿರಿ. ಈರುಳ್ಳಿ ಹಾಕಿದ ದೋಸೆ ಮಾತ್ರ ಬೇಡ, ಈರುಳ್ಳಿ ನಾಯಿಗೆ ವಿಷ. ಬೇಯಿಸಿದ ಈಲಿಯ (ಲಿವರಿನ) ಸಣ್ಣ ತುಂಡುಗಳು ಅತ್ಯುತ್ತಮ. ದಿನಕ್ಕೆ ಐದು ನಿಮಿಷದಂತೆ ಮೂರು ಸಲ ಸಾಕು. ಮುಷ್ಟಿಯಿಂದ ತೆರೆದ ಅಂಗೈಗೆ, ಅಲ್ಲಿಂದ ನೆಲದ ಮೇಲಿನ ತುಂಡಿಗೆ, ಕೊನೆಗೆ ದಾರ ಕಟ್ಟಿ ಎಳೆಯುವ ಬಟ್ಟೆಯ ಉಂಡೆಗೆ ಈ ಪಾಠ ಮುಂದುವರಿಯಬೇಕು. ಚಲಿಸುವ ವಸ್ತುವನ್ನು ನೋಡಿ ‘ಬಿಡು’ ಎಂದ ಕೂಡಲೇ ನಿಮ್ಮ ಮುಖ ನೋಡುವ ನಾಯಿಗೆ ಮಾತ್ರ ಕೋಳಿಯನ್ನು ತೋರಿಸುವ ಅರ್ಹತೆ ಬಂದಿದೆ ಎಂದು ತಿಳಿಯಬೇಕು.

‘ಬಾ’ ಎಂಬ ಪದದಲ್ಲಿ ನಾನು ಮುಗ್ಗರಿಸಿದ ಒಂದು ಸಂಗತಿಯಿದೆ. ಕೋಳಿಗಳಿಗೆ ಕಾಳು ಹಾಕುವಾಗಲೂ ‘ಬಾ ಬಾ ಬಾ’ ಎಂದೇ ಕರೆಯುವುದು ನಮ್ಮಲ್ಲಿ ವಾಡಿಕೆ. ನಾಯಿಯನ್ನು ಕರೆದರೆ ಹತ್ತು ಕೋಳಿಗಳು ಓಡಿಬಂದವು. ಕೋಳಿಗಳನ್ನು ಕರೆದರೆ ನಾಯಿ ಅವುಗಳ ನಡುವೆಯೇ ನುಗ್ಗಿ ಬಂತು. ಆಮೇಲೆ ಕೋಳಿಗಳಿಗೆ ಬಾಯಿಯಿಂದ ಕರೆಯುವುದನ್ನೇ ಬಿಟ್ಟು, ಗೆರಟೆಯಲ್ಲಿ ನಾಲ್ಕು ಕಾಳು ಹಾಕಿ ಅಲುಗಾಡಿಸುವ ಕ್ರಮಕ್ಕೆ ಬಂದೆವು. ಮೂರೇ ದಿನಗಳಲ್ಲಿ ಅವು ಆ ಸದ್ದನ್ನು ಕಲಿತವು, ‘ಬಾ’ ನಾಯಿಗೆ ಉಳಿಯಿತು.

ಗೂಡು ನಾಯಿಗೂ ತಡೆಯಬೇಕು

ಕೋಳಿಯನ್ನು ಒಳಗಿಡುವ ಗೂಡು ಬೇರೆ, ನಾಯಿಯನ್ನು ಹೊರಗಿಡುವ ಗೂಡು ಬೇರೆ. ಅಂಗಡಿಯಲ್ಲಿ ಸಿಗುವ ತೆಳ್ಳಗಿನ ಆರುಮೂಲೆಯ ಕೋಳಿಬಲೆಯನ್ನು ಮಧ್ಯಮ ಗಾತ್ರದ ನಾಯಿಯೊಂದು ಹಲ್ಲು, ಉಗುರುಗಳಿಂದ ಹರಿಯಬಲ್ಲುದು. ಬೆಸೆದ ಕಂಬಿಯ ಬಲೆಯನ್ನೇ ಬಳಸಿ, ಅದರ ಕೆಳಭಾಗವನ್ನು ಒಂದು ಅಡಿಯಷ್ಟು ಮಣ್ಣಿನಲ್ಲಿ ಹೂಳಬೇಕು. ಮುರಕಲ್ಲಿನ ನೆಲವಾಗಿ ಅಗೆಯಲು ಸಾಧ್ಯವಾಗದಿದ್ದರೆ ಬಲೆಯನ್ನು ಹೊರಮುಖವಾಗಿ ಒಂದೂವರೆ ಅಡಿ ನೆಲದ ಮೇಲೆ ಮಡಚಿ, ಅದರ ಮೇಲೆ ಹಳೆಯ ಮುರಕಲ್ಲುಗಳನ್ನು ಸಾಲಾಗಿ ಇಟ್ಟರೆ ಆಯಿತು. ಗೋಡೆಯ ಬುಡದಲ್ಲೇ ತೋಡುವ ಅಭ್ಯಾಸವಿರುವ ನಾಯಿ ಬಲೆಯ ಮೇಲೆ ನಿಂತು ತೋಡಲಾರದೆ ಹಿಂದೆ ಸರಿಯುತ್ತದೆ. ಇದೇ ಬಂದೋಬಸ್ತು ಕೀರಿಗೂ ಕಬ್ಬೆಕ್ಕಿಗೂ ಉಪಯೋಗವಾಗುತ್ತದೆ. ಬೇಲಿ ಐದಾರು ಅಡಿ ಎತ್ತರವಿರಲಿ, ರಾತ್ರಿಯ ಗೂಡಿನೊಳಗೆ ಕೋಳಿಯೊಂದಕ್ಕೆ ಕಡಿಮೆಯೆಂದರೆ ಎರಡು ಚದರ ಅಡಿ ಜಾಗವಿರಲಿ. ಅಡಿಕೆ ಮರದ ಸಲಕೆಗಳಿಂದ ಗೂಡು ಕಟ್ಟುವವರು ಸಲಕೆಗಳ ನಡುವಿನ ಸಂದಿಯಲ್ಲಿ ನಾಯಿಯ ಮೂತಿ ತೂರದಂತೆ ಒಳಗಿನಿಂದ ಬಲೆ ಹೊಡೆಯಬೇಕು, ಏಕೆಂದರೆ ಸಂದಿಯಿಂದ ಹೊರಚಾಚಿದ ಒಂದು ಕಾಲು ಸಾಕು.

ಗೂಡಿನ ಜಾಗವನ್ನು ಆರಿಸುವಾಗ ನಾಯಿಯನ್ನು ಕಟ್ಟುವ ಸ್ಥಳದಿಂದ ಅದು ಕಾಣದಿರಲಿ. ಚೈನಿನಲ್ಲಿ ಕಟ್ಟಿದ ನಾಯಿ ಕೈಗೆ ಸಿಗದ ಕೋಳಿಗಳನ್ನು ಬೆಳಗಿನಿಂದ ಸಂಜೆಯವರೆಗೆ ನೋಡುತ್ತಿದ್ದರೆ ರೂಢಿಯಾಗುತ್ತದೆ ಎಂದು ಹಲವರು ನಂಬುತ್ತಾರೆ. ಆಗುವುದು ಅದರ ವಿರುದ್ಧ: ಹಂಬಲ ಹೆಪ್ಪುಗಟ್ಟುತ್ತದೆ, ಚೈನು ಕಳಚಿದ ದಿನ ಅದು ಸ್ಫೋಟಿಸುತ್ತದೆ. ಜಾಗ ಬದಲಿಸಲು ಆಗದವರು ನಡುವೆ ಮಡಲಿನ ತಟ್ಟಿಯೊಂದನ್ನು ಕಟ್ಟಿರಿ.

ಕೋಳಿಗಳು ಬಂದ ಮೇಲೆ

ಒಂದು ದಿನದ ಮರಿಗಳನ್ನು ತಂದವರು ಅವನ್ನು ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿರಿಸಿ, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಆ ಅವಧಿಯಲ್ಲಿ ನಾಯಿಗೆ ಆ ಕೋಣೆಯ ಬಾಗಿಲು ಮುಚ್ಚಿರಬೇಕು. ಚಿಲಿಪಿಲಿ ಸದ್ದು, ಪುಟ್ಟ ಗಾತ್ರ, ಎಡೆಬಿಡದ ಓಡಾಟ ಈ ಮೂರೂ ನಾಯಿಯನ್ನು ಕೆಣಕುವ ಗುಣಗಳೇ. ಗ್ರಾಮಶ್ರೀ, ಗ್ರಾಮಪ್ರಿಯ ಮುಂತಾದ ತಳಿಗಳ ಒಂದೂವರೆ ಎರಡು ತಿಂಗಳ ಮರಿಗಳನ್ನು ತಂದರೆ ಮೊದಲ ಒಂದೆರಡು ವಾರ ಗೂಡು ಮತ್ತು ಅದರ ಬಲೆಯಂಗಳದೊಳಗೇ ಇರಿಸಿರಿ. ಮನೆ ಯಾವುದೆಂದು ಗುರುತಾಗದ ಕೋಳಿ ಹೆದರಿದಾಗ ಗೂಡಿಗೆ ಓಡುವ ಬದಲು ತೋಟಕ್ಕೆ ಓಡುತ್ತದೆ, ಓಡುವ ಕೋಳಿಯೇ ನಾಯಿಗೆ ಆಹ್ವಾನ.

ಈ ವಾರಗಳಲ್ಲಿ ಪರಿಚಯ ಮೂಗಿನಿಂದ ನಡೆಯಲಿ. ಗೂಡಿನೊಳಗೆ ಒಂದು ರಾತ್ರಿ ಹಾಸಿದ ಗೋಣಿಯನ್ನು ನಾಯಿಯ ಬಳಿ ಇಟ್ಟು, ಅದು ಮೂಸಿ ಸುಮ್ಮನಾದಾಗ ತಿನಿಸು ಕೊಡಿರಿ. ಹಿಕ್ಕೆ ಅಂಟಿದ ಗೋಣಿ ಬೇಡ. ಕೋಳಿಯ ಹಿಕ್ಕೆ ತಿನ್ನುವುದು ನಾಯಿಗಳ ಚಟ, ಅದರಿಂದ ಸಾಲ್ಮೊನೆಲ್ಲಾದಂಥ ರೋಗಾಣುಗಳು ಹೊಟ್ಟೆಗೆ ಹೋಗಬಹುದು.

ಆಮೇಲೆ ಕಣ್ಣಿನ ಪರಿಚಯ. ನಾಯಿಗೆ ಬೆಳಗ್ಗೆ ಒಳ್ಳೆಯ ನಡಿಗೆ ಮಾಡಿಸಿ, ಹೊಟ್ಟೆ ತುಂಬ ಅಲ್ಲ, ಅರ್ಧ ತುಂಬಿಸಿ, ಎದೆಪಟ್ಟಿಗೆ ಹಗ್ಗ ಕಟ್ಟಿ, ಗೂಡಿನಿಂದ ನಲವತ್ತು ಅಡಿ ದೂರದಲ್ಲಿ ನಿಲ್ಲಿರಿ. ಕುತ್ತಿಗೆಯ ಬೆಲ್ಟಿಗಿಂತ ಎದೆಪಟ್ಟಿಯೇ ಮೇಲು, ಏಕೆಂದರೆ ಕತ್ತು ಬಿಗಿದಾಗಿನ ನೋವನ್ನು ನಾಯಿ ಕೋಳಿಯೊಂದಿಗೆ ಜೋಡಿಸಿಕೊಳ್ಳುತ್ತದೆ. ನಾಯಿ ಕೋಳಿಯನ್ನು ನೋಡಿದ ಕೂಡಲೇ, ಮೈ ಬಿಗಿಯುವ ಮೊದಲೇ, ‘ಬಿಡು’ ಎನ್ನಬೇಕು. ಮುಖ ತಿರುಗಿಸಿದರೆ ಈಲಿಯ ತುಂಡು. ಹತ್ತು ನಿಮಿಷದಲ್ಲಿ ಮುಗಿಸಿ ಹಿಂದಿರುಗಬೇಕು. ಮರುದಿನವೂ ಅಷ್ಟೇ ದೂರ. ಕೋಳಿಯನ್ನು ನೋಡಿ ತಾನಾಗಿಯೇ ನಿಮ್ಮ ಕಡೆ ತಿರುಗಿ ‘ಎಲ್ಲಿ ನನ್ನ ತುಂಡು’ ಎಂಬಂತೆ ನೋಡತೊಡಗಿದಾಗ ಮಾತ್ರ ಐದು ಅಡಿ ಹತ್ತಿರ ಹೋಗಬಹುದು. ಕಣ್ಣು ನೆಟ್ಟು ಕಲ್ಲಾಗಿ ನಿಂತರೆ ನೀವು ಹತ್ತಿರವಾದಿರಿ ಎಂದರ್ಥ. ಬೈಯದೆ ದೂರ ಸರಿಯಿರಿ. ಬಲೆಯ ಪಕ್ಕದಲ್ಲಿ ನಾಯಿ ಮಲಗಿ, ನಿಟ್ಟುಸಿರಿಟ್ಟು, ಒಂದು ಪಕ್ಕಕ್ಕೆ ವಾಲುವವರೆಗೆ ಈ ಹಂತ ಮುಗಿಯುವುದಿಲ್ಲ. ಕೆಲವು ನಾಯಿಗಳಿಗೆ ಹತ್ತು ದಿನ, ಕೆಲವಕ್ಕೆ ನಲವತ್ತು ದಿನ. ನಿಂತ ಕೋಳಿಗೆ ಒಗ್ಗಿದ ನಾಯಿ ರೆಕ್ಕೆ ಬಡಿಯುವ ಕೋಳಿಗೆ ಒಗ್ಗಿರುವುದಿಲ್ಲ, ಆದ್ದರಿಂದ ಮನೆಯ ಇನ್ನೊಬ್ಬರು ಬಲೆಯೊಳಗೆ ಕಾಳು ಎರಚಿ ಗದ್ದಲ ಎಬ್ಬಿಸುವಾಗಲೂ ಇದೇ ಪಾಠವನ್ನು ಮೊದಲಿನ ದೂರದಿಂದ ಮತ್ತೆ ಮಾಡಬೇಕು.

ಇದೇ ವೇಳೆಗೆ ಕೋಳಿಗಳನ್ನೂ ನೋಡುತ್ತಿರಬೇಕು. ನಾಯಿ ಬಂದಾಗ ಕತ್ತು ನೀಳವಾಗಿ ಚಾಚಿ ಗುಂಪಾಗಿ ಮೂಲೆ ಸೇರುವುದು, ಕೊಕ್ಕು ತೆರೆದು ಏದುಸಿರು ಬಿಡುವುದು ಭಯದ ಲಕ್ಷಣ. ನಾಯಿ ಇದ್ದರೂ ಕೆದಕುತ್ತ, ಗರಿ ತೀಡುತ್ತ, ಮಣ್ಣಿನಲ್ಲಿ ಹೊರಳುತ್ತ ಇದ್ದರೆ ಅವು ಒಪ್ಪಿವೆ. ಮೊಟ್ಟೆ ಇಡುತ್ತಿದ್ದ ಕೋಳಿ ಏಕಾಏಕಿ ನಿಲ್ಲಿಸಿದರೆ ನಾಯಿಯ ಕಾಟವೂ ಕಾರಣವಾಗಿರಬಹುದು.

ಒಂದೇ ಅಂಗಳದಲ್ಲಿ

ಕೋಳಿಗಳು ಪೂರ್ಣ ಗಾತ್ರಕ್ಕೆ ಬಂದ ಮೇಲೆ, ಎಂದರೆ ನಾಲ್ಕೈದು ತಿಂಗಳ ವಯಸ್ಸಿನಲ್ಲಿ, ಬಲೆಯಿಲ್ಲದ ಭೇಟಿಯನ್ನು ಯೋಚಿಸಬಹುದು. ಮಧ್ಯಾಹ್ನದ ಊಟದ ನಂತರದ ಹೊತ್ತು ಇದಕ್ಕೆ ಯೋಗ್ಯ, ಆಗ ನಾಯಿಗೂ ಕೋಳಿಗೂ ಸೋಮಾರಿತನ. ಮುಸ್ಸಂಜೆ ಸರ್ವಥಾ ಬೇಡ: ಕೋಳಿಗಳು ಗೂಡು ಸೇರುವ ಗಡಿಬಿಡಿಯಲ್ಲಿರುತ್ತವೆ, ನಾಯಿ ರಾತ್ರಿಯ ಕಾವಲಿಗೆ ಚುರುಕಾಗುತ್ತಿರುತ್ತದೆ. ನಾಯಿಯನ್ನು ಮೊದಲು ಹೊರತಂದು ಕೂರಿಸಿ, ಆಮೇಲೆ ಎರಡೋ ಮೂರೋ ಸಾಧು ಕೋಳಿಗಳನ್ನು ಬಿಡಬೇಕು. ಮನೆಯಲ್ಲಿ ಎರಡು ನಾಯಿಗಳಿದ್ದರೆ ಒಂದೊಂದಾಗಿಯೇ ತರಬೇಕು; ಒಂಟಿಯಾಗಿ ಸಾಧುವಾದ ಎರಡು ನಾಯಿಗಳು ಜೊತೆಯಾದರೆ ಬೇಟೆಯ ತಂಡವಾಗುತ್ತವೆ.

ಒಂದು ವಾರ ಹಗ್ಗ ನಿಮ್ಮ ಕೈಯಲ್ಲಿರಲಿ. ಮುಂದಿನ ಎರಡು ವಾರ ಹದಿನೈದು ಅಡಿಯ ನೈಲಾನ್ ಹಗ್ಗವನ್ನು ನಾಯಿ ನೆಲದಲ್ಲಿ ಎಳೆದುಕೊಂಡು ತಿರುಗಲಿ, ಅದು ಹಾರಿದರೆ ಹಗ್ಗವನ್ನು ಮೆಟ್ಟಲು ನೀವು ಹತ್ತಿರವಿರಬೇಕು. ನಾನು ಎಡವಿದ್ದು ಇಲ್ಲಿಯೇ. ಒಂಬತ್ತನೆಯ ದಿನ ಎಲ್ಲ ಸರಿಯಾಗಿದೆ ಎಂಬ ಭರವಸೆಯಲ್ಲಿ ಫೋನ್ ತರಲು ಒಳಗೆ ಹೋದೆ. ಅಷ್ಟರಲ್ಲಿ ಕೆಂಚು ಬಣ್ಣದ ಹೇಂಟೆಯೊಂದು ನಾಯಿಯ ಅನ್ನದ ತಟ್ಟೆಗೆ ಕೊಕ್ಕು ಹಾಕಿತ್ತು. ನಮ್ಮ ನಾಯಿ ಕಾಳು ಗುರ್ರೆಂದದ್ದು ಕೇಳಿತು, ನಾನು ಹೊರಬರುವಾಗ ಅದರ ಬಾಯಿ ತುಂಬ ಬಾಲದ ಗರಿಗಳಿದ್ದವು, ಹೇಂಟೆ ಒರಳುಕಲ್ಲಿನ ಹಿಂದೆ ಅಡಗಿತ್ತು. ಅದು ಬೇಟೆಯಲ್ಲ, ಅನ್ನದ ಜಗಳ. ಕೋಳಿಗೆ ನಾಯಿಯ ತಟ್ಟೆಯ ಬಗ್ಗೆ ಕಿಂಚಿತ್ತೂ ಮರ್ಯಾದೆ ಇಲ್ಲದಿರುವುದರಿಂದ ನಾಯಿಗೆ ಊಟವನ್ನು ಕೋಳಿಗಳು ಬಾರದ ಕಡೆಯಲ್ಲಿ ಹಾಕಿ, ತಿಂದ ಕೂಡಲೇ ತಟ್ಟೆಯನ್ನು ತೆಗೆದಿಡಬೇಕು.

ಕೋಳಿಗಳ ಆಹಾರವೂ ನಾಯಿಗೆ ಸಿಗಬಾರದು. ಮರಿಗಳ ಕೆಲವು ತಯಾರಿ ಆಹಾರಗಳಲ್ಲಿ ರಕ್ತಭೇದಿಯನ್ನು ತಡೆಯಲು ಬೆರೆಸುವ ಮೊನೆನ್ಸಿನ್‌ನಂಥ ಔಷಧಗಳು ನಾಯಿಗೆ ವಿಷಕಾರಿ. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೊ ದ್ರಾವಣ ಸಿಂಪಡಿಸುವ ದಿನಗಳಲ್ಲಿ ಎರಡನ್ನೂ ತೋಟಕ್ಕೆ ಬಿಡಬಾರದು, ಡ್ರಮ್ಮಿನಲ್ಲಿ ಉಳಿದ ಮೈಲುತುತ್ತಿನ ನೀರು ಅವುಗಳ ಬಾಯಿಗೆ ಸಿಗದಂತೆ ಮುಚ್ಚಬೇಕು.

ಮರಿಗಳೊಂದಿಗೆ ಓಡಾಡುವ ತಾಯಿಕೋಳಿಯ ಮಾತು ಬೇರೆ. ಅದು ಗರಿ ಕೆದರಿ ನಾಯಿಯ ಮುಖಕ್ಕೇ ಹಾರುತ್ತದೆ. ಕೆಲವು ನಾಯಿಗಳು ಆ ಒಂದು ಕುಟುಕಿನಿಂದ ಆಜೀವ ಪಾಠ ಕಲಿಯುತ್ತವೆ, ಕೆಲವು ತಿರುಗಿ ಕಚ್ಚುತ್ತವೆ. ನಿಮ್ಮ ನಾಯಿ ಯಾವ ಜಾತಿಯದೆಂದು ಪರೀಕ್ಷಿಸಲು ಹೋಗಬೇಡಿರಿ. ಮರಿಗಳಿಗೆ ಎರಡು ತಿಂಗಳಾಗುವವರೆಗೆ ಬೇಲಿಯೊಳಗೇ ಇರಲಿ.

ಕಚ್ಚಿದರೆ

ನಾಯಿಯ ಬಾಯಿಯಿಂದ ಬಿಡಿಸಿದ ಕೋಳಿ ಎದ್ದು ನಡೆದರೂ ಗಾಯವಿಲ್ಲವೆಂದು ತಿಳಿಯಬಾರದು. ಗರಿಗಳನ್ನು ಬದಿಗೆ ಸರಿಸಿ, ಬೆನ್ನು ಮತ್ತು ತೊಡೆಯ ಸುತ್ತ ಹಲ್ಲು ನೆಟ್ಟ ತೂತುಗಳಿವೆಯೇ ಎಂದು ಹುಡುಕಬೇಕು. ಸಣ್ಣ ತೂತಿನ ಕೆಳಗೆ ಚರ್ಮ ಮಾಂಸದಿಂದ ಬೇರ್ಪಟ್ಟಿರುವುದುಂಟು. ಕುದಿಸಿ ಆರಿಸಿದ ಉಪ್ಪುನೀರಿನಿಂದ ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚಿ, ನೊಣ ಕೂರದಂತೆ ಮುಚ್ಚಿ, ಕತ್ತಲೆಯ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಮೃಗಾಸ್ಪತ್ರೆಗೆ ಒಯ್ಯಬೇಕು. ಆಘಾತದಿಂದಲೇ ಸಾಯುವ ಕೋಳಿಗಳು ಕಡಿಮೆಯೇನಲ್ಲ, ಆದ್ದರಿಂದ ಮಕ್ಕಳು ಸುತ್ತ ನಿಂತು ಮುಟ್ಟಿ ನೋಡುವುದನ್ನು ತಡೆಯಬೇಕು. ಕಾರಣ ತಿಳಿಯದೆ ಸತ್ತ ಕೋಳಿಯನ್ನು ನಾಯಿಗೆ ಎಸೆಯುವ ಪದ್ಧತಿಯನ್ನು ಇನ್ನಾದರೂ ಬಿಡಬೇಕು. ಕೋಳಿಯ ರುಚಿಯ ಮಾತು ಹಾಗಿರಲಿ, ಆಲಪ್ಪುಳ ಜಿಲ್ಲೆಯಲ್ಲಿ 2014, 2021 ಮತ್ತು 2024ರಲ್ಲಿ ಹಕ್ಕಿಜ್ವರ ಕಾಣಿಸಿಕೊಂಡ ರಾಜ್ಯದಲ್ಲಿ ನಾವಿದ್ದೇವೆ.

ಸತ್ತ ಕೋಳಿಯನ್ನು ನಾಯಿಯ ಕೊರಳಿಗೆ ಕಟ್ಟಿದರೆ ಬುದ್ಧಿ ಬರುತ್ತದೆ ಎಂಬ ಉಪದೇಶವನ್ನು ನಿಮಗೆ ಯಾರಾದರೂ ಹಿರಿಯರು ಖಂಡಿತ ಮಾಡುತ್ತಾರೆ. ಅದು ಕ್ರೌರ್ಯವಷ್ಟೇ ಅಲ್ಲ, ನಿರುಪಯೋಗವೂ ಹೌದು. ಕೊರಳಿನ ಕೊಳೆತ ವಾಸನೆಗೂ ನಿನ್ನೆಯ ಓಟಕ್ಕೂ ಇರುವ ಸಂಬಂಧ ನಾಯಿಗೆ ಹೊಳೆಯುವುದಿಲ್ಲ. ಅರ್ಧ ಗಂಟೆ ಕಳೆದ ಮೇಲೆ ಹೊಡೆದರೂ ಅಷ್ಟೇ. ನೀವು ಕರೆದಾಗ ಬರಬಾರದು ಎಂಬುದನ್ನು ಮಾತ್ರ ಅದು ಕಲಿಯುತ್ತದೆ. ಮಾಡಬೇಕಾದುದು ಒಂದೇ: ಎರಡು ಹಂತ ಹಿಂದಕ್ಕೆ ಹೋಗಿ ಮತ್ತೆ ಬಲೆಯ ಹೊರಗಿನಿಂದ ಆರಂಭಿಸುವುದು.

ಆಗದಿದ್ದರೆ ಸರದಿ

ಇಷ್ಟೆಲ್ಲ ಮಾಡಿಯೂ ಕೆಲವು ನಾಯಿಗಳು ಬದಲಾಗುವುದಿಲ್ಲ. ಆಗ ಹಗಲು ಕೋಳಿಗೆ, ರಾತ್ರಿ ನಾಯಿಗೆ ಎಂಬ ನಮ್ಮ ಹಳ್ಳಿಗಳ ಹಳೆಯ ಏರ್ಪಾಟೇ ಸರಿ. ಹೆಚ್ಚಿನ ಕೋಳಿಗಳು ಬೆಳಗಿನ ಹೊತ್ತಿನಲ್ಲಿ ಮೊಟ್ಟೆಯಿಡುವುದರಿಂದ ಹತ್ತು ಗಂಟೆಯವರೆಗೆ ಅವನ್ನು ಗೂಡಿನಲ್ಲೇ ಇರಿಸಿ, ಆ ಹೊತ್ತಿನಲ್ಲಿ ನಾಯಿಗೆ ನಡಿಗೆ, ಊಟ ಮುಗಿಸಬಹುದು. ಆಮೇಲೆ ನಾಯಿ ಹಿಂದಿನ ಚಾವಡಿಯ ನೆರಳಿನಲ್ಲಿ, ಕೋಳಿಗಳು ತೋಟದಲ್ಲಿ. ಸಂಜೆ ಕೋಳಿಗಳನ್ನು ಎಣಿಸಿ ಗೂಡಿನ ಅಗುಳಿ ಹಾಕಿದ ಮೇಲೆಯೇ ನಾಯಿಯನ್ನು ಬಿಡಬೇಕು. ಎಣಿಸದೆ ಅಗುಳಿ ಹಾಕಿದ ರಾತ್ರಿಯೇ ಒಂದು ಕೋಳಿ ಪೇರಳೆ ಮರದಲ್ಲಿ ಉಳಿದಿರುತ್ತದೆ. ಹಾರುವ ಚಾಳಿಯಿರುವ ಕೋಳಿಯ ಒಂದು ರೆಕ್ಕೆಯ ಉದ್ದ ಗರಿಗಳನ್ನು ಮಾತ್ರ ಕತ್ತರಿಸಿದರೆ ಸಮತೋಲ ತಪ್ಪಿ ಬೇಲಿ ಹಾರಲಾರದು. ನೆತ್ತರಿರುವ ಎಳೆಯ ಗರಿಯನ್ನು ಮುಟ್ಟಬಾರದು.

ಪರಿಚಯ ಪೂರ್ಣಗೊಂಡ ನಾಯಿಯನ್ನೂ ಮೊದಲ ಒಂದು ವರ್ಷ ಮನೆಯಲ್ಲಿ ಯಾರೂ ಇಲ್ಲದಾಗ ಕೋಳಿಗಳೊಂದಿಗೆ ಬಿಟ್ಟುಹೋಗಬಾರದು. ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆ ವರ್ಷಕ್ಕೊಮ್ಮೆ, ಕೋಳಿಗಳಿಗೆ ಕೊಕ್ಕರೆ (ರಾಣಿಖೇತ್) ರೋಗದ ಲಸಿಕೆ ಮೊದಲ ವಾರದಲ್ಲಿ ಮತ್ತು ಎಂಟನೆಯ ವಾರದ ಹೊತ್ತಿಗೆ ತಪ್ಪದೆ ಆಗಬೇಕು.

ಇನ್ನುಳಿದಿರುವುದು ಮುಂದಿನ ನವೆಂಬರ್. ಅಂಗಳಕ್ಕೆ ಮತ್ತೆ ಅಡಿಕೆ ಬೀಳುತ್ತದೆ, ಈ ಸಲ ಅದನ್ನು ಕೆದಕುವುದು ನೆರೆಮನೆಯ ಕೋಳಿಯಲ್ಲ, ನಮ್ಮದೇ. ನಾವು ಒಣಹಾಕುವ ಜಾಗದ ಸುತ್ತ ಎರಡೂವರೆ ಅಡಿ ಎತ್ತರಕ್ಕೆ ಹಳೆಯ ಮೀನುಬಲೆ ಕಟ್ಟಿ, ಕೋಳಿಗಳನ್ನು ತೋಟದ ಕಡೆಯ ಬಾಗಿಲಿನಿಂದ ಬಿಡುತ್ತೇವೆ. ನವಿಲು ಬಂದರೆ ಮನುಷ್ಯರೇ ಎದ್ದು ಕೈ ಬೀಸಿ ಓಡಿಸುವುದು. ಜಗಲಿಯಲ್ಲಿ ಅಜ್ಜ ಈಗಲೂ ‘ಛ’ ಎಂದು ಬಾಯಿ ತೆರೆದು, ಕಾಳುವಿನ ಕಿವಿ ನಿಮಿರಿದ್ದನ್ನು ನೋಡಿ, ಕೆಮ್ಮಿ ಸುಮ್ಮನಾಗುತ್ತಾರೆ.